ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಲ್ಲಿ ಅಲ್ಟ್ರಾಸೌಂಡ್: ಪಿಎಸ್‌ಎ ಪರೀಕ್ಷೆಯಿಂದ ಬಯಾಪ್ಸಿ ರಿಪೋರ್ಟಿನವರೆಗೆ, ಹೆಜ್ಜೆ ಹೆಜ್ಜೆಯಾಗಿ

ಅಪ್ಪ ರಾತ್ರಿ ನಾಲ್ಕೈದು ಸಲ ಎದ್ದು ಮೂತ್ರಕ್ಕೆ ಹೋಗ್ತಾರೆ. ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಸ್ವಲ್ಪ ಜಾಸ್ತಿ ಬಂದಿದೆ. ಡಾಕ್ಟರು ಒಂದು ಸ್ಕ್ಯಾನಿಂಗ್ ಮಾಡಿಸಿ ಅಂದಿದ್ದಾರೆ. ಹೆಚ್ಚಿನ ಮನೆಗಳಲ್ಲಿ ಇದು ಶುರುವಾಗುವುದೇ ಹೀಗೆ. ಆಮೇಲೆ ರಿಪೋರ್ಟ್ ಬರುತ್ತದೆ, ಅದರಲ್ಲಿ "ಪ್ರಾಸ್ಟೇಟ್ ದೊಡ್ಡದಾಗಿದೆ, ಗಂಟು ಕಾಣುತ್ತಿಲ್ಲ" ಎಂದು ಬರೆದಿದ್ದರೆ ಮನೆಯವರೆಲ್ಲ ನಿಟ್ಟುಸಿರು ಬಿಟ್ಟು, ಆ ಫೈಲನ್ನು ಬೀರುವಿನಲ್ಲಿ ಇಟ್ಟು, ಮರೆತುಬಿಡುತ್ತಾರೆ. ನಾನು ಇದನ್ನು ಬರೆಯಲು ಕೂತಿದ್ದೇ ಆ ಬೀರುವಿನ ಫೈಲಿಗಾಗಿ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಟ್ರಾಸೌಂಡಿನಲ್ಲಿ ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎಂದು ಹೇಳಲು ಬರುವುದಿಲ್ಲ. ಕಪ್ಪು ಕಲೆ ಕಂಡಿತು ಅಂದ ಮಾತ್ರಕ್ಕೆ ಇದೆ ಎಂದೂ ಹೇಳಲು ಬರುವುದಿಲ್ಲ. ಇಲ್ಲಿ ಅಲ್ಟ್ರಾಸೌಂಡ್ ಮಾಡುವ ಕೆಲಸ ಮೂರು: ಪ್ರಾಸ್ಟೇಟ್ ಗ್ರಂಥಿಯನ್ನು ಅಳೆಯುವುದು, ಒಳಗೆ ನೋಡುವುದು, ಬಯಾಪ್ಸಿ ಸೂಜಿಗೆ (ಪರೀಕ್ಷೆಗಾಗಿ ಗ್ರಂಥಿಯಿಂದ ಸಣ್ಣ ತುಣುಕು ತೆಗೆಯುವ ಸೂಜಿಗೆ) ದಾರಿ ತೋರಿಸುವುದು. ಅಳೆಯುವುದರಲ್ಲಿ ಅದು ಬಹಳ ಚೆನ್ನಾಗಿದೆ. ನೋಡುವುದರಲ್ಲಿ ಸಾಧಾರಣ. ಸೂಜಿಗೆ ದಾರಿ ತೋರಿಸುವುದರಲ್ಲಂತೂ ಅದರ ಸಹಾಯವಿಲ್ಲದೆ ಹೆಚ್ಚಿನ ಬಯಾಪ್ಸಿಗಳು ನಡೆಯುವುದೇ ಇಲ್ಲ. ಈ ಮೂರನ್ನೂ ಕಲಸಿಕೊಂಡಾಗಲೇ ಗೊಂದಲ ಹುಟ್ಟುವುದು.

ಗ್ರಂಥಿ ಎಲ್ಲಿದೆ, ಕ್ಯಾನ್ಸರ್ ಎಲ್ಲಿ ಕೂರುತ್ತದೆ

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುಗಟ್ಟಿಕೊಂಡು. ಅದರ ಹಿಂದೆಯೇ ಗುದನಾಳ. ನಡುವೆ ಇರುವುದು ತೆಳುವಾದ ಗೋಡೆ ಅಷ್ಟೇ. ಅದಕ್ಕೇ ಡಾಕ್ಟರು ಬೆರಳು ಹಾಕಿ ಮುಟ್ಟಿ ನೋಡುವುದು, ಅದಕ್ಕೇ ಅಲ್ಟ್ರಾಸೌಂಡ್ ಪ್ರೋಬನ್ನೂ ಅದೇ ದಾರಿಯಲ್ಲಿ ಒಳಗೆ ಬಿಡುವುದು. ಹರೆಯದಲ್ಲಿ ಗ್ರಂಥಿ ಸುಮಾರು 20ರಿಂದ 25 ಮಿಲಿ ಇರುತ್ತದೆ. ವಯಸ್ಸಾದಂತೆ ಬೆಳೆಯುತ್ತದೆ, ಎಷ್ಟೋ ಜನರಲ್ಲಿ 60, 80, 100 ಮಿಲಿಯೂ ಆಗುತ್ತದೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ವಯಸ್ಸಿನಿಂದ ಬರುವ ಸಾಮಾನ್ಯ ಊತ, ಅಂದರೆ ಬಿಪಿಎಚ್, ಮೂತ್ರನಾಳದ ಸುತ್ತಲಿನ ಒಳಭಾಗದಲ್ಲಿ ಬೆಳೆಯುತ್ತದೆ. ಆದ್ದರಿಂದಲೇ ಮೂತ್ರದ ಧಾರೆ ಸಣ್ಣದಾಗುತ್ತದೆ. ಕ್ಯಾನ್ಸರ್ ಹಾಗಲ್ಲ. ಸುಮಾರು ಶೇ 70ರಷ್ಟು ಕ್ಯಾನ್ಸರುಗಳು ಹೊರಭಾಗದಲ್ಲಿ, ಪೆರಿಫೆರಲ್ ಝೋನ್ ಅನ್ನುವ ಕಡೆ ಹುಟ್ಟುತ್ತವೆ. ಅಲ್ಲಿ ಅದು ಮೂತ್ರನಾಳವನ್ನು ಒತ್ತುವುದಿಲ್ಲ, ಹಾಗಾಗಿ ಶುರುವಿನಲ್ಲಿ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಮೂತ್ರದ ತೊಂದರೆ ಜೋರಾಗಿದ್ದರೆ ಕ್ಯಾನ್ಸರ್, ಇಲ್ಲದಿದ್ದರೆ ಇಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಹೆಜ್ಜೆ 1: ಸ್ಕ್ಯಾನಿಂಗಿಗೂ ಮೊದಲು ಪಿಎಸ್‌ಎ ನಂಬಬಹುದಾ ನೋಡಿ

ಪಿಎಸ್‌ಎ ಪ್ರಾಸ್ಟೇಟ್ ಮಾಡುವ ಒಂದು ಪ್ರೋಟೀನ್. ರಕ್ತದಲ್ಲಿ ಅದರ ಅಳತೆ ಒಂದು ಮಿಲಿಗೆ 4 ನ್ಯಾನೋಗ್ರಾಂ ದಾಟಿದರೆ ಜಾಸ್ತಿ ಎನ್ನುವುದು ಹಳೆಯ ಲೆಕ್ಕ. ಈಗ ವಯಸ್ಸನ್ನೂ ನೋಡುತ್ತಾರೆ, ವಯಸ್ಸು ಹೆಚ್ಚಿದಂತೆ ಸ್ವಲ್ಪ ಜಾಸ್ತಿ ಇರುವುದು ಸಹಜ. 4ರಿಂದ 10ರ ನಡುವೆ ಇದ್ದವರಿಗೆ ಬಯಾಪ್ಸಿ ಮಾಡಿದರೆ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಸಿಗುತ್ತದೆ, ಉಳಿದ ಮೂವರಿಗೆ ಸಿಗುವುದಿಲ್ಲ.

ಮೂತ್ರದ ಸೋಂಕು, ಮೂತ್ರ ಕಟ್ಟಿಕೊಳ್ಳುವುದು, ಮೂತ್ರ ಹೊರಹೋಗಲು ಕೊಳವೆ (ಕ್ಯಾಥೆಟರ್) ಹಾಕಿರುವುದು, ಹಿಂದಿನ ಒಂದೆರಡು ದಿನದಲ್ಲಿ ವೀರ್ಯ ಹೋಗಿರುವುದು, ಜಾಸ್ತಿ ಹೊತ್ತು ಸೈಕಲ್ ತುಳಿದಿರುವುದು, ಇವೆಲ್ಲ ಪಿಎಸ್‌ಎಯನ್ನು ಏರಿಸಬಹುದು. ಸೋಂಕು ಇದ್ದಿದ್ದರೆ ಅದು ವಾಸಿಯಾಗಿ ಆರೆಂಟು ವಾರ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಿ. ಒಂದೇ ಒಂದು ನಂಬರ್ ಹಿಡಿದುಕೊಂಡು ಬಯಾಪ್ಸಿಗೆ ಓಡಬೇಡಿ.

ಇದರ ಉಲ್ಟಾ ಕೂಡ ಇದೆ, ಅದು ಇನ್ನೂ ಅಪಾಯ. ದೊಡ್ಡ ಪ್ರಾಸ್ಟೇಟಿಗೆ ಕೊಡುವ ಫಿನಾಸ್ಟರೈಡ್ ಅಥವಾ ಡ್ಯುಟಾಸ್ಟರೈಡ್ ಮಾತ್ರೆಯನ್ನು ಆರು ತಿಂಗಳಿಂದ ಒಂದು ವರ್ಷ ತಿಂದವರ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಿಪೋರ್ಟಿನಲ್ಲಿ 3.5 ಇದ್ದರೆ ಅದನ್ನು 7 ಎಂದೇ ಓದಬೇಕು. ಹೊಸ ಡಾಕ್ಟರ ಹತ್ತಿರ ಹೋದಾಗ ತಿನ್ನುವ ಮಾತ್ರೆಗಳ ಪಟ್ಟಿ ಕೈಯಲ್ಲಿ ಇರಲೇಬೇಕು ಅನ್ನುವುದು ಇದಕ್ಕೇ. ನಾರ್ಮಲ್ ಎಂದು ಅಚ್ಚಾದ ರಿಪೋರ್ಟ್ ನೋಡಿ ಸಮಾಧಾನಪಟ್ಟುಕೊಂಡವರು ತುಂಬಾ ಜನ ಇದ್ದಾರೆ.

ಹೆಜ್ಜೆ 2: ಯಾವ ಅಲ್ಟ್ರಾಸೌಂಡ್ ಅಂತ ಕೇಳಿ

"ಅಲ್ಟ್ರಾಸೌಂಡ್ ಆಯ್ತು" ಅನ್ನುವವರಿಗೆ ನಾನು ಮೊದಲು ಕೇಳುವುದು, ಹೊಟ್ಟೆ ಮೇಲಿಂದಲೋ, ಒಳಗಿಂದಲೋ ಎಂದು.

ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಮಾಡುವುದು ಎಲ್ಲರಿಗೂ ಗೊತ್ತಿರುವ ಸ್ಕ್ಯಾನ್. ಅದಕ್ಕೆ ಮೂತ್ರಕೋಶ ತುಂಬಿರಬೇಕು, ಆದ್ದರಿಂದ ನೀರು ಕುಡಿದು ಕಾಯಲು ಹೇಳುತ್ತಾರೆ. ಪ್ರಾಸ್ಟೇಟ್ ಎಷ್ಟು ದೊಡ್ಡದಾಗಿದೆ, ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಉಳಿಯುತ್ತದೆ, ಕಿಡ್ನಿ ಊದಿದೆಯಾ ಎನ್ನುವುದು ಇದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗ್ರಂಥಿಯ ಒಳಗಿನ ಸಣ್ಣ ಕ್ಯಾನ್ಸರ್ ಮಾತ್ರ ಕಾಣುವುದಿಲ್ಲ ಎಂದೇ ಇಟ್ಟುಕೊಳ್ಳಿ. ದೂರ ಜಾಸ್ತಿ, ಚಿತ್ರ ಮಸುಕು.

ಇನ್ನೊಂದು ಟ್ರಸ್, ಅಂದರೆ ಗುದನಾಳದ ಮೂಲಕ ಮಾಡುವ ಅಲ್ಟ್ರಾಸೌಂಡ್. ಬೆರಳಿಗಿಂತ ಸ್ವಲ್ಪ ದಪ್ಪದ ಪ್ರೋಬನ್ನು ಮಲದ್ವಾರದಿಂದ ಒಳಗೆ ಇಡುತ್ತಾರೆ. ಗ್ರಂಥಿ ಪಕ್ಕದಲ್ಲೇ ಇರುವುದರಿಂದ ಹೆಚ್ಚು ಕಂಪನದ ಅಲೆ ಬಳಸಬಹುದು, ಚಿತ್ರ ಸ್ಪಷ್ಟವಾಗಿ ಬರುತ್ತದೆ. ಜಪಾನಿನ ವೈದ್ಯ ಹಿರೋಕಿ ವಾತಾನಾಬೆ 1960ರ ದಶಕದ ಕೊನೆಯಲ್ಲಿ ಇದನ್ನು ಬಳಕೆಗೆ ತಂದರು. ಆಗ ರೋಗಿ ಕೂರುವ ಕುರ್ಚಿಗೇ ಪ್ರೋಬ್ ಜೋಡಿಸಿರುತ್ತಿದ್ದರು. ಎರಡರಲ್ಲೂ ವಿಕಿರಣ ಇಲ್ಲ, ಬರೀ ಶಬ್ದದ ಅಲೆ. ಎಷ್ಟು ಸಲ ಮಾಡಿಸಿದರೂ ಆ ಕಾರಣಕ್ಕೆ ಹೆದರಬೇಕಿಲ್ಲ.

ಈಗ ಮೈಕ್ರೋ ಅಲ್ಟ್ರಾಸೌಂಡ್ ಎಂಬ ಹೊಸ ಯಂತ್ರವೂ ಬಂದಿದೆ. ಅದು 29 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಮಾಮೂಲಿ ಪ್ರೋಬಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ, ಹಾಗಾಗಿ ಬಹಳ ಸಣ್ಣ ಬದಲಾವಣೆಯೂ ಕಾಣುತ್ತದೆ. 2025ರಲ್ಲಿ ಪ್ರಕಟವಾದ ಆಪ್ಟಿಮಮ್ ಅಧ್ಯಯನದಲ್ಲಿ ಇದನ್ನು ನೋಡಿಕೊಂಡು ಮಾಡಿದ ಬಯಾಪ್ಸಿ, ಎಂಆರ್‌ಐ ನೋಡಿಕೊಂಡು ಮಾಡಿದ ಬಯಾಪ್ಸಿಗಿಂತ ಕಡಿಮೆಯಿಲ್ಲ ಎಂದು ಕಂಡುಬಂತು. ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕಿದರೂ ಅದನ್ನು ಓದಲು ಪಳಗಿದ ಕಣ್ಣು ಬೇಕು.

ಹೆಜ್ಜೆ 3: ಸ್ಕ್ಯಾನ್ ದಿನ

ಹಿರಿಯರಿಗೆ ಇಲ್ಲಿ ನೋವಿಗಿಂತ ಮುಜುಗರವೇ ದೊಡ್ಡದು. ಹೋಗುವ ದಾರಿಯಲ್ಲಿ ಅಲ್ಲ, ಹಿಂದಿನ ದಿನವೇ ಕೂರಿಸಿಕೊಂಡು ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಿ. ಎಡ ಮಗ್ಗುಲಿಗೆ ಮಲಗಿಸುತ್ತಾರೆ, ಮಂಡಿಯನ್ನು ಎದೆಯ ಕಡೆ ಎಳೆದುಕೊಳ್ಳಲು ಹೇಳುತ್ತಾರೆ, ಮೊದಲು ಬೆರಳಿನಿಂದ ಪರೀಕ್ಷೆ, ಆಮೇಲೆ ಕವಚ ಹಾಕಿ ಜೆಲ್ ಹಚ್ಚಿದ ಪ್ರೋಬ್. ಒತ್ತಿದ ಹಾಗೆ ಆಗುತ್ತದೆ, ಮಲ ಬಂದ ಹಾಗೆ ಅನಿಸುತ್ತದೆ. ಬಾಯಿಯಿಂದ ನಿಧಾನವಾಗಿ ಉಸಿರು ಬಿಡುತ್ತಾ ಮೈ ಸಡಿಲ ಬಿಟ್ಟರೆ ಸಲೀಸು. ಬರೀ ಸ್ಕ್ಯಾನ್ ಆದರೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ.

ಹೊಟ್ಟೆ ಖಾಲಿಯಾಗಿರಬೇಕು, ಅಂದರೆ ಮಲ ವಿಸರ್ಜನೆ ಆಗಿರಬೇಕು. ಕೆಲವು ಕಡೆ ಎನಿಮಾ ಕೊಡುತ್ತಾರೆ. ಮೂಲವ್ಯಾಧಿ, ಬಿರುಕು, ಹಿಂದೆ ಆ ಭಾಗದಲ್ಲಿ ಆಪರೇಷನ್ ಆಗಿದ್ದರೆ ಅಥವಾ ರಬ್ಬರ್ ಗ್ಲೌಸ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಪ್ರೋಬ್ ಕವಚ ಬಹಳ ಸಲ ರಬ್ಬರಿನದೇ ಆಗಿರುತ್ತದೆ.

ಹೆಜ್ಜೆ 4: ರಿಪೋರ್ಟ್ ಕೈಗೆ ಬಂದಾಗ

ಮೊದಲು ಗಾತ್ರ ನೋಡಿ. ಉದ್ದ, ಅಗಲ, ದಪ್ಪ ಎಂದು ಮೂರು ಅಳತೆ ಕೊಟ್ಟಿರುತ್ತಾರೆ. ಮೂರನ್ನೂ ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಗಾತ್ರ. ಉದಾಹರಣೆಗೆ 5 × 4.5 × 4 ಸೆಂಟಿಮೀಟರ್ ಆದರೆ ಸುಮಾರು 47 ಮಿಲಿ. ಸಿಸಿ ಎಂದು ಬರೆದರೂ ಅದೇ, ಗ್ರಾಂ ಎಂದು ಬರೆದರೂ ಹೆಚ್ಚುಕಡಿಮೆ ಅಷ್ಟೇ.

ಈಗ ಪಿಎಸ್‌ಎಯನ್ನು ಈ ಗಾತ್ರದಿಂದ ಭಾಗಿಸಿ. ಬರುವುದು ಪಿಎಸ್‌ಎ ಡೆನ್ಸಿಟಿ. ಇಬ್ಬರ ಪಿಎಸ್‌ಎಯೂ 6 ಎಂದುಕೊಳ್ಳಿ. ಒಬ್ಬರ ಗ್ರಂಥಿ 75 ಮಿಲಿ, ಡೆನ್ಸಿಟಿ 0.08. ಅಷ್ಟು ದೊಡ್ಡ ಗ್ರಂಥಿ ಅಷ್ಟು ಪಿಎಸ್‌ಎ ಮಾಡುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಬ್ಬರದು 30 ಮಿಲಿ, ಡೆನ್ಸಿಟಿ 0.20. ಸಣ್ಣ ಗ್ರಂಥಿಯಿಂದ ಇಷ್ಟೊಂದು ಪಿಎಸ್‌ಎ ಯಾಕೆ ಬರ್ತಿದೆ? ಸಾಮಾನ್ಯವಾಗಿ 0.15 ದಾಟಿದರೆ ಅನುಮಾನ ಹೆಚ್ಚುತ್ತದೆ. ನನ್ನ ಪ್ರಕಾರ ಅಲ್ಟ್ರಾಸೌಂಡ್ ಕೊಡುವ ಅತಿ ಉಪಯೋಗದ ಮಾಹಿತಿ ಇದೇ, ಆದರೆ ರಿಪೋರ್ಟಿನಲ್ಲಿ ಬಹಳ ಸಲ ಇದನ್ನು ಬರೆದಿರುವುದಿಲ್ಲ, ನೀವೇ ಕ್ಯಾಲ್ಕುಲೇಟರ್ ತೆಗೆದು ಲೆಕ್ಕ ಹಾಕಿ ಡಾಕ್ಟರನ್ನು ಕೇಳಬೇಕು.

ಇನ್ನೊಂದು ಪದ ಬಹಳ ಜನರನ್ನು ಸುಮ್ನೆ ಹೆದರಿಸುತ್ತದೆ: "ಗ್ರೇಡ್ 2 ಪ್ರಾಸ್ಟೆಟೋಮೆಗಲಿ". ಇದು ಕ್ಯಾನ್ಸರಿನ ಗ್ರೇಡ್ ಅಲ್ಲವೇ ಅಲ್ಲ. ಪ್ರಾಸ್ಟೇಟ್ ಎಷ್ಟು ದೊಡ್ಡದಾಗಿದೆ ಎನ್ನುವ ಅಂದಾಜು ಅಷ್ಟೇ. ಹಾಗೆಯೇ "ಕ್ಯಾಲ್ಸಿಫಿಕೇಶನ್" ಎಂದರೆ ಸುಣ್ಣದ ಕಣಗಳು, ವಯಸ್ಸಾದವರಲ್ಲಿ ತುಂಬಾ ಮಾಮೂಲಿ. "ಪೋಸ್ಟ್ ವಾಯ್ಡ್ ರೆಸಿಡ್ಯೂ" ಎಂದರೆ ಮೂತ್ರ ಮಾಡಿದ ಮೇಲೆ ಒಳಗೆ ಉಳಿದದ್ದು. ಅದು ಅಡಚಣೆಯ ಕಥೆ ಹೇಳುತ್ತದೆ, ಕ್ಯಾನ್ಸರಿನದಲ್ಲ.

ಗಮನ ಕೊಡಬೇಕಾದ ಪದ "ಹೈಪೋಎಕೋಯಿಕ್". ಸುತ್ತಲಿನ ಭಾಗಕ್ಕಿಂತ ಕಪ್ಪಾಗಿ ಕಾಣುವ ಜಾಗ ಎಂದರ್ಥ. ಅದು ಪೆರಿಫೆರಲ್ ಝೋನಿನಲ್ಲಿ ಇದ್ದರೆ, ಗ್ರಂಥಿಯ ಹೊರಪೊರೆ ಅಲ್ಲಿ ಉಬ್ಬಿದ್ದರೆ, ವೀರ್ಯಕೋಶದ ಕಡೆ ಹಬ್ಬಿದ ಹಾಗೆ ಬರೆದಿದ್ದರೆ ತಡ ಮಾಡಬೇಡಿ. ಆದರೂ ಅದೇ ತೀರ್ಪಲ್ಲ. ಹಳೆಯ ಸೋಂಕು, ಉರಿಯೂತ, ಸಾಮಾನ್ಯ ಗಂಟು ಕೂಡ ಹೀಗೇ ಕಪ್ಪಾಗಿ ಕಾಣುತ್ತವೆ. ಮತ್ತೊಂದು ಕಡೆ, ಕ್ಯಾನ್ಸರುಗಳಲ್ಲಿ ಮೂರನೇ ಒಂದು ಭಾಗದಷ್ಟು ಸುತ್ತಲಿನ ಬಣ್ಣದಲ್ಲೇ ಇರುತ್ತವೆ, ಎಷ್ಟು ನುರಿತ ಡಾಕ್ಟರೇ ನೋಡಿದರೂ ಕಣ್ಣಿಗೆ ಬೀಳುವುದಿಲ್ಲ. ಡಾಪ್ಲರ್ ಹಾಕಿ ರಕ್ತದ ಹರಿವು ನೋಡುವುದು, ಎಲಾಸ್ಟೋಗ್ರಫಿಯಿಂದ ಯಾವ ಭಾಗ ಗಟ್ಟಿಯಾಗಿದೆ ಎಂದು ಅಳೆಯುವುದು, ಇವು ಸ್ವಲ್ಪ ಸಹಾಯ ಮಾಡುತ್ತವೆ, ಬಯಾಪ್ಸಿಯ ಬದಲಿಗೆ ನಿಲ್ಲುವುದಿಲ್ಲ.

ಹೆಜ್ಜೆ 5: ನಿಂತು ಯೋಚಿಸುವ ಜಾಗ

ಬಯಾಪ್ಸಿಗೆ ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿಕೊಳ್ಳಬೇಕು.

ಒಂದು, ಎಂಆರ್‌ಐ ಮೊದಲು ಮಾಡಿಸಬಹುದಾ? 2017ರ ಪ್ರಾಮಿಸ್ ಅಧ್ಯಯನದಲ್ಲಿ 576 ಜನರಿಗೆ ಎಂಆರ್‌ಐ ಮತ್ತು ಮಾಮೂಲಿ ಟ್ರಸ್ ಬಯಾಪ್ಸಿ ಎರಡನ್ನೂ ಮಾಡಿ, ಇಡೀ ಗ್ರಂಥಿಯಿಂದ ಹತ್ತಿರ ಹತ್ತಿರ ತುಣುಕು ತೆಗೆದ ವಿವರವಾದ ಬಯಾಪ್ಸಿಯ ಜೊತೆ ಹೋಲಿಸಿದರು. ಅಪಾಯದ ಕ್ಯಾನ್ಸರುಗಳಲ್ಲಿ ಎಂಆರ್‌ಐ ಶೇ 93ರಷ್ಟನ್ನು ಹಿಡಿಯಿತು. ಮಾಮೂಲಿ ಟ್ರಸ್ ಬಯಾಪ್ಸಿ ಹಿಡಿದದ್ದು ಶೇ 48 ಮಾತ್ರ. ಅರ್ಧಕ್ಕರ್ಧ ತಪ್ಪಿಹೋಗಿತ್ತು! ಮುಂದಿನ ವರ್ಷ ಪ್ರಿಸಿಷನ್ ಅಧ್ಯಯನದಲ್ಲಿ, ಎಂಆರ್‌ಐ ಮಾಡಿ ಅನುಮಾನದ ಜಾಗಕ್ಕೆ ಮಾತ್ರ ಸೂಜಿ ಹಾಕಿದ ಗುಂಪಿನಲ್ಲಿ ಶೇ 38 ಜನರಿಗೆ ಅಪಾಯದ ಕ್ಯಾನ್ಸರ್ ಸಿಕ್ಕಿತು, ಹಳೆಯ ಕ್ರಮದಲ್ಲಿ ಶೇ 26. ಜೊತೆಗೆ, ಎಂಆರ್‌ಐ ಸರಿಯಿದ್ದ ಕಾರಣ ಎಷ್ಟೋ ಜನರಿಗೆ ಸೂಜಿಯೇ ಬೇಕಾಗಲಿಲ್ಲ. ಎಂಆರ್‌ಐ ರಿಪೋರ್ಟಿನಲ್ಲಿ ಪೈರಾಡ್ಸ್ ಎಂದು 1ರಿಂದ 5ರವರೆಗೆ ಅಂಕ ಇರುತ್ತದೆ, 4 ಮತ್ತು 5 ಬಲವಾದ ಅನುಮಾನ. ಎಂಆರ್‌ಐ ಮಾಡಿಸುವುದಾದರೆ ಬಯಾಪ್ಸಿಗೂ ಮೊದಲೇ ಮಾಡಿಸಿ. ಬಯಾಪ್ಸಿ ಆದ ಮೇಲೆ ಒಳಗೆ ರಕ್ತ ಉಳಿದು ಕೆಲವು ವಾರ ಚಿತ್ರ ಕೆಡುತ್ತದೆ. ಪೇಸ್‌ಮೇಕರ್ ಇದ್ದರೆ, ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ.

ಎರಡನೆಯ ಪ್ರಶ್ನೆ ಕೇಳಲು ಕಷ್ಟ, ಆದರೂ ಕೇಳಲೇಬೇಕು. ಕ್ಯಾನ್ಸರ್ ಸಿಕ್ಕರೆ ಅದರಿಂದ ಚಿಕಿತ್ಸೆ ಬದಲಾಗುತ್ತದೆಯಾ? ಪ್ರಾಸ್ಟೇಟ್ ಕ್ಯಾನ್ಸರುಗಳಲ್ಲಿ ಬಹಳಷ್ಟು ತುಂಬಾ ನಿಧಾನವಾಗಿ ಬೆಳೆಯುತ್ತವೆ. ಅಮೆರಿಕದ ತಡೆಗಟ್ಟುವಿಕೆ ಕಾರ್ಯಪಡೆ 2018ರಲ್ಲಿ, 70 ದಾಟಿದವರಿಗೆ ಯಾವ ಲಕ್ಷಣವೂ ಇಲ್ಲದೆ ಸುಮ್ನೆ ಪಿಎಸ್‌ಎ ತಪಾಸಣೆ ಬೇಡ ಎಂದು ಹೇಳಿತು. 82 ವರ್ಷದ, ಹೃದಯ ಸೋತಿರುವ ಹಿರಿಯರಲ್ಲಿ ಪಿಎಸ್‌ಎ 6 ಇದ್ದರೆ ಬಯಾಪ್ಸಿಯಿಂದ ಲಾಭಕ್ಕಿಂತ ತೊಂದರೆಯೇ ಜಾಸ್ತಿ ಆಗಬಹುದು. ಅದೇ 72ರಲ್ಲಿ ಗಟ್ಟಿಮುಟ್ಟಾಗಿ ಓಡಾಡುವವರಿಗೆ, ಬೆರಳಿನ ಪರೀಕ್ಷೆಯಲ್ಲಿ ಕಲ್ಲಿನಂಥ ಗಂಟು ಸಿಕ್ಕಿದ್ದರೆ, ಬೆನ್ನು ಮೂಳೆ ನೋವಿದ್ದರೆ, ಪಿಎಸ್‌ಎ ವೇಗವಾಗಿ ಏರುತ್ತಿದ್ದರೆ ಮಾತು ಬೇರೆ. ಹುಟ್ಟಿದ ವರ್ಷವೊಂದನ್ನೇ ನೋಡಬೇಡಿ, ಇನ್ನು ಹತ್ತು ವರ್ಷ ಬಾಳುವ ಆರೋಗ್ಯ ಇದೆಯಾ ನೋಡಿ. ಈ ಮಾತನ್ನು ಮಕ್ಕಳೇ ತೀರ್ಮಾನಿಸಬಾರದು, ಅಪ್ಪನನ್ನು ಎದುರಿಗೆ ಕೂರಿಸಿಕೊಂಡೇ ಡಾಕ್ಟರ ಜೊತೆ ಆಡಬೇಕು. ಅವರ ಮೈ, ಅವರ ನಿರ್ಧಾರ ಅಲ್ವಾ.

ಹೆಜ್ಜೆ 6: ಅಲ್ಟ್ರಾಸೌಂಡ್ ನೋಡಿಕೊಂಡು ಬಯಾಪ್ಸಿ

ಒಂದು ವಾರ ಮೊದಲಿಂದಲೇ ತಯಾರಿ ಶುರು. ರಕ್ತ ತೆಳು ಮಾಡುವ ಮಾತ್ರೆ ತಿನ್ನುತ್ತಿದ್ದರೆ ಯಾವಾಗ ನಿಲ್ಲಿಸಬೇಕು, ನಿಲ್ಲಿಸಲೇಬೇಕಾ ಎನ್ನುವುದನ್ನು ಹೃದಯದ ಡಾಕ್ಟರು ಮತ್ತು ಯೂರಾಲಜಿಸ್ಟ್ (ಮೂತ್ರರೋಗ ತಜ್ಞರು) ಸೇರಿ ಹೇಳಬೇಕು. ಸ್ಟೆಂಟ್ ಹಾಕಿರುವವರು ತಮ್ಮಷ್ಟಕ್ಕೆ ತಾವೇ ಮಾತ್ರೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಇದ್ದರೆ ಬಯಾಪ್ಸಿಯನ್ನು ಮುಂದೂಡುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ, ಇತ್ತೀಚೆಗೆ ಆಂಟಿಬಯಾಟಿಕ್ ತಿಂದಿದ್ದರೆ ತಪ್ಪದೆ ಹೇಳಿ, ಯಾಕಂದ್ರೆ ಮಾಮೂಲಿ ಔಷಧಿಗೆ ಬಗ್ಗದ ಸೋಂಕು ಬರುವ ಸಂಭವ ಇಂಥವರಲ್ಲಿ ಹೆಚ್ಚು.

ಸೂಜಿ ಹಾಕಲು ಎರಡು ದಾರಿ ಇವೆ. ಗುದನಾಳದ ಗೋಡೆಯ ಮೂಲಕ ಹಾಕುವುದು ಹಳೆಯದು, ಬೇಗ ಮುಗಿಯುತ್ತದೆ, ಆದರೆ ಮಲದ ಕ್ರಿಮಿಗಳು ಗ್ರಂಥಿಗೆ, ಅಲ್ಲಿಂದ ರಕ್ತಕ್ಕೆ ಸೇರುವ ಅಪಾಯವಿದೆ. ಇನ್ನೊಂದು, ವೃಷಣ ಮತ್ತು ಮಲದ್ವಾರದ ನಡುವಿನ ಚರ್ಮದ ಮೂಲಕ ಹಾಕುವುದು. ಪ್ರೋಬ್ ಗುದನಾಳದಲ್ಲೇ ಇರುತ್ತದೆ, ಸೂಜಿ ಮಾತ್ರ ಶುದ್ಧ ಮಾಡಿದ ಚರ್ಮದಿಂದ ಹೋಗುತ್ತದೆ. ಸೋಂಕಿನ ಭಯ ಕಡಿಮೆ, ಗ್ರಂಥಿಯ ಮುಂಭಾಗವನ್ನೂ ಸುಲಭವಾಗಿ ತಲುಪಬಹುದು. ಎರಡೂ ಸಿಗುವ ಕಡೆ ನಾನಾದರೆ ವಯಸ್ಸಾದವರಿಗೆ ಎರಡನೆಯದನ್ನೇ ಕೇಳುತ್ತೇನೆ.

ಮೊದಲು ಗ್ರಂಥಿಯ ಪಕ್ಕದ ನರಗಳಿಗೆ ಮರಗಟ್ಟಿಸುವ ಇಂಜೆಕ್ಷನ್. ಅದೇ ಸ್ವಲ್ಪ ಉರಿಯುವುದು. ಆಮೇಲೆ ಪ್ರತಿ ತುಣುಕಿಗೂ ಸ್ಪ್ರಿಂಗ್ ಗನ್ನಿನ "ಟಪ್" ಶಬ್ದ ಬರುತ್ತದೆ. ಅದನ್ನು ಮೊದಲೇ ಒಮ್ಮೆ ಕೇಳಿಸಿ ಎಂದು ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ಮೊದಲ ಶಬ್ದಕ್ಕೇ ಬೆಚ್ಚಿಬೀಳುತ್ತಾರೆ. 1989ರ ಹೊತ್ತಿಗೆ ಆರು ಕಡೆಯಿಂದ ತುಣುಕು ತೆಗೆಯುವ ಕ್ರಮ ಇತ್ತು, ಈಗ 10ರಿಂದ 12 ತೆಗೆಯುತ್ತಾರೆ, ಎಂಆರ್‌ಐಯಲ್ಲಿ ಜಾಗ ಕಂಡಿದ್ದರೆ ಅಲ್ಲಿಂದ ಇನ್ನೂ ಮೂರ್ನಾಲ್ಕು. ಎಂಆರ್‌ಐ ಚಿತ್ರವನ್ನು ಅಲ್ಟ್ರಾಸೌಂಡ್ ಪರದೆಯ ಮೇಲೆ ಕಂಪ್ಯೂಟರಿನಿಂದ ಕೂಡಿಸಿ ಗುರಿ ಹಿಡಿಯುವುದಕ್ಕೆ ಫ್ಯೂಷನ್ ಬಯಾಪ್ಸಿ ಅನ್ನುತ್ತಾರೆ. ಆ ಯಂತ್ರ ಇಲ್ಲದ ಕಡೆ ಅನುಭವಿ ಡಾಕ್ಟರು ಎಂಆರ್‌ಐ ನೋಡಿ ಮನಸ್ಸಿನಲ್ಲಿಟ್ಟುಕೊಂಡು ಗುರಿ ಹಿಡಿಯುತ್ತಾರೆ.

ಮನೆಗೆ ಬಂದ ಮೇಲೆ

ಮೂತ್ರದಲ್ಲಿ ಕೆಲವು ದಿನ ರಕ್ತ ಕಾಣಬಹುದು. ಗುದನಾಳದ ಮೂಲಕ ಮಾಡಿದ್ದರೆ ಮಲದಲ್ಲೂ ಒಂದೆರಡು ದಿನ. ವೀರ್ಯ ಕೆಂಪು ಅಥವಾ ಕಂದು ಬಣ್ಣಕ್ಕೆ ತಿರುಗುವುದು ವಾರಗಟ್ಟಲೆ ಇರಬಹುದು, ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ, ಹಿರಿಯರು ಯಾರ ಹತ್ತಿರವೂ ಹೇಳಿಕೊಳ್ಳಲಾಗದೆ ಒಳಗೊಳಗೇ ಹೆದರುತ್ತಾರೆ. ನೀವೇ ಹೇಳಿಬಿಡಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಚಳಿ ನಡುಕ ಬಂದರೆ, ರಾತ್ರಿ ಎರಡು ಗಂಟೆಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಜ್ವರದ ಮಾತ್ರೆ ಕೊಟ್ಟು ಬೆಳಗ್ಗೆ ನೋಡೋಣ ಅನ್ನಬೇಡಿ. ವಯಸ್ಸಾದವರಲ್ಲಿ ರಕ್ತಕ್ಕೆ ಸೋಂಕು ಸೇರಿದರೆ ಕೆಲವೇ ಗಂಟೆಗಳಲ್ಲಿ ಪರಿಸ್ಥಿತಿ ಕೈಮೀರುತ್ತದೆ, ಕೆಲವರಲ್ಲಿ ಜ್ವರ ಬರದೆ ಬರೀ ಮಂಕು, ಗೊಂದಲದ ಮಾತು ಮಾತ್ರ ಕಾಣಿಸುತ್ತದೆ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ರಕ್ತದ ಗಡ್ಡೆ ಬರುತ್ತಿದ್ದರೆ ಆಗಲೂ ಕಾಯಬೇಡಿ.

ಹೆಜ್ಜೆ 7: ಬಯಾಪ್ಸಿ ರಿಪೋರ್ಟ್

ಕ್ಯಾನ್ಸರ್ ಇದ್ದರೆ ಅದು ಎಷ್ಟು ಉಗ್ರ ಎಂದು ಹೇಳುವ ಗ್ಲೀಸನ್ ಅಂಕ ಬರೆದಿರುತ್ತಾರೆ, 3+3=6, 3+4=7 ಎಂಬ ಹಾಗೆ. ಇದನ್ನೇ ಈಗ 1ರಿಂದ 5ರವರೆಗಿನ ಗ್ರೇಡ್ ಗ್ರೂಪ್ ಎಂದೂ ಹೇಳುತ್ತಾರೆ. 6 ಎಂದರೆ ಹತ್ತಕ್ಕೆ ಆರು, ಮಧ್ಯಮ ಎಂದು ಓದಬೇಡಿ, ಬಯಾಪ್ಸಿ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ಕೆಳಗಿನ ಅಂಕ, ಅಂದರೆ ಗ್ರೇಡ್ ಗ್ರೂಪ್ 1. ಇಂಥವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಡ, ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಬಯಾಪ್ಸಿ ಮಾಡುತ್ತಾ ಕಣ್ಣಿಟ್ಟು ಕಾಯಬಹುದು. ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ ಮೇಲೆ ಬ್ರಿಟನ್ನಿನಲ್ಲಿ ನಡೆದ ಪ್ರೊಟೆಕ್ಟ್ ಅಧ್ಯಯನದ 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಕಣ್ಣಿಟ್ಟು ಕಾದವರಾಗಲಿ, ಆಪರೇಷನ್ ಅಥವಾ ರೇಡಿಯೇಶನ್ ಪಡೆದವರಾಗಲಿ, ಮೂರೂ ಗುಂಪಿನಲ್ಲಿ ಈ ಕ್ಯಾನ್ಸರಿನಿಂದಲೇ ಸತ್ತವರು ಶೇ 3ರ ಆಸುಪಾಸು. 4+4 ಅಥವಾ ಅದಕ್ಕಿಂತ ಮೇಲಿದ್ದರೆ ಮಾತ್ರ ಹಾಗೆ ಕಾಯುವಂತಿಲ್ಲ, ಅದು ಎಲ್ಲಿಗಾದರೂ ಹರಡಿದೆಯಾ ಎಂದು ನೋಡುವ ಸ್ಕ್ಯಾನುಗಳು ಬೇಗ ಆಗಬೇಕು.

ಕ್ಯಾನ್ಸರ್ ಇಲ್ಲ ಎಂದು ಬಂದರೆ? ಖುಷಿಪಡಿ, ಆದರೆ ಆ ಫೈಲು ಬೀರುವಿಗೆ ಹೋಗಬಾರದು. 12 ತುಣುಕು ತೆಗೆದರೂ ಅದು ಇಡೀ ಗ್ರಂಥಿಯ ಸಣ್ಣ ಪಾಲು ಮಾತ್ರ, ಸೂಜಿ ಪಕ್ಕದಲ್ಲೇ ಹಾದುಹೋಗಿರಬಹುದು. ಮುಂದಿನ ಪಿಎಸ್‌ಎ ಯಾವಾಗ, ಎಷ್ಟು ದಾಟಿದರೆ ಮತ್ತೆ ಬರಬೇಕು ಎಂದು ಡಾಕ್ಟರಿಂದ ಬರೆಸಿಕೊಳ್ಳಿ. ಮೊದಲು ಎಂಆರ್‌ಐ ಆಗಿರದಿದ್ದರೆ, ಅನುಮಾನ ಉಳಿದಿದ್ದರೆ, ಈಗ ಮಾಡಿಸುವ ಬಗ್ಗೆ ಕೇಳಿ. ಒಂದು ಹಾಳೆಯಲ್ಲಿ ದಿನಾಂಕ, ಪಿಎಸ್‌ಎ, ಅಲ್ಟ್ರಾಸೌಂಡಿನ ಗಾತ್ರ, ಡೆನ್ಸಿಟಿ, ತಿನ್ನುತ್ತಿರುವ ಮಾತ್ರೆ, ಇಷ್ಟನ್ನು ಸಾಲಾಗಿ ಬರೆದು ಫೈಲಿನ ಮೇಲೆಯೇ ಅಂಟಿಸಿಡಿ. ಮುಂದಿನ ಸಲ ಎದುರಿಗೆ ಯಾವ ಡಾಕ್ಟರೇ ಕೂತಿರಲಿ, ಅವರು ಮೊದಲು ಕೇಳುವುದು ಆ ಐದು ವಿಷಯಗಳನ್ನೇ.